100 ಜಿ ಶಾಕ್‌ಗೆ ಟ್ಯೂಬ್ ಬುಡದಲ್ಲೇ ಬಾಗಿದೆ, ಯೂಲರ್ ಲೆಕ್ಕ ಮಾತ್ರ ಪಾಸ್!

ಮಾಸ್ಟ್25:
6061-ಟಿ6 (ಕಾಯಿಸಿ ಗಟ್ಟಿ ಮಾಡಿದ) ಅಲ್ಯೂಮಿನಿಯಂ ಟ್ಯೂಬ್. ಹೊರವ್ಯಾಸ 25 ಮಿಮೀ, ಗೋಡೆ 1.5, ಉದ್ದ 600. ಬುಡವನ್ನು ಪ್ಲೇಟಿಗೆ ಸುತ್ತಲೂ ವೆಲ್ಡ್ ಮಾಡಿದೆ, ಮೇಲ್ತುದಿಯಲ್ಲಿ 2 ಕೆಜಿ ಪೆಟ್ಟಿಗೆ. ಬ್ಯಾಟರಿ ಒಂದು ಬದಿಗಿರುವುದರಿಂದ ಪೆಟ್ಟಿಗೆಯ ಭಾರಕೇಂದ್ರ ಟ್ಯೂಬಿನ ನಡುಗೆರೆಯಿಂದ 30 ಮಿಮೀ ಆಚೆಗಿದೆ. ಶಾಕ್ ಟೇಬಲ್ ಮೇಲೆ ಉದ್ದದ ದಿಕ್ಕಿನಲ್ಲಿ 100 ಜಿ (ಗುರುತ್ವದ 100 ಪಟ್ಟು), 11 ಮಿಲಿಸೆಕೆಂಡ್, ಹಾಫ್ ಸೈನ್ (ಒಂದೇ ಗುಡ್ಡದ ಹಾಗೆ ಏರಿ ಇಳಿಯುವ ಹೊಡೆತ). ಲೋಡ್ 1962 ನ್ಯೂಟನ್. ಬುಡ ಬಿಗಿ, ತುದಿ ಬಿಡಿ ಅಂತ ಹಿಡಿದರೆ ಯೂಲರ್ ಲೋಡ್ (ನೇರ ಕಂಬ ಪಕ್ಕಕ್ಕೆ ಬಾಗಿ ಕುಸಿಯುವ ಲೋಡ್) 3630. ನೇರ ಸ್ಟ್ರೆಸ್ ಬರೀ 18 ಎಂಪಿಎ. ಆದರೂ ವೆಲ್ಡ್ ಪಕ್ಕ ಒಂದೇ ಬದಿಯಲ್ಲಿ ಸುಕ್ಕು, ತುದಿ ಬ್ಯಾಟರಿ ಕಡೆಗೆ ವಾಲಿದೆ. ಇದು ಬಕ್ಲಿಂಗಾ (ಒತ್ತಿದಾಗ ಕಂಬ ಪಕ್ಕಕ್ಕೆ ಬಾಗಿ ಕುಸಿಯುವುದು), ಯೀಲ್ಡಾ (ಸ್ಟ್ರೆಸ್ ಮಿತಿ ದಾಟಿ ಲೋಹ ಶಾಶ್ವತವಾಗಿ ಬಾಗುವುದು)? ದಪ್ಪ ಟ್ಯೂಬ್ ಹಾಕಿದರೆ ಸಾಕಾ?

ಲೇತ್‌ಮೇಷ್ಟ್ರು:
ಯೀಲ್ಡ್. ಬಕ್ಲಿಂಗ್ ಆಗೋಕೆ ಇಲ್ಲಿ ಪುರುಸೊತ್ತೇ ಇಲ್ಲ.

ನಿಮ್ಮ ಟ್ಯೂಬ್ ಪಕ್ಕಕ್ಕೆ ತೂಗುವ ಫ್ರೀಕ್ವೆನ್ಸಿ ಸುಮಾರು 9.5 ಹರ್ಟ್ಸ್, ಅಂದರೆ ಒಂದು ಸುತ್ತಿಗೆ 105 ಮಿಲಿಸೆಕೆಂಡ್. ಶಾಕ್ 11ರಲ್ಲೇ ಮುಗಿಯುತ್ತದೆ. ಅಷ್ಟೂ ಹೊತ್ತು ಯೂಲರ್ ಲೋಡಿನ ಒಂದೂವರೆ ಪಟ್ಟು ಹೇರಿದರೂ ಮೊದಲಿದ್ದ ಸೊಟ್ಟ ಆ ಅವಧಿಯಲ್ಲಿ ಮೂರನೇ ಒಂದು ಪಾಲಿನಷ್ಟೇ ಹೆಚ್ಚುತ್ತದೆ. ಗೋಡೆ ತಾನಾಗಿ ಮಡಿಯುವ ಮಾತೂ ಇಲ್ಲ: ವ್ಯಾಸ ಗೋಡೆಯ 17 ಪಟ್ಟು ಮಾತ್ರ, ಅದಕ್ಕೆಷ್ಟೋ ಮೊದಲೇ ಲೋಹ ಯೀಲ್ಡ್ ಆಗುತ್ತದೆ.

ಕೆಡಿಸಿದ್ದು ಆ 30 ಮಿಮೀ. ಉದ್ದದ ಲೋಡಿನ 7.5% ತುದಿಯನ್ನು ಪಕ್ಕಕ್ಕೆ ತಳ್ಳಿದ ಹಾಗೆ ಅದು ಕೆಲಸ ಮಾಡುತ್ತದೆ. ಫಿಕ್ಸ್ಚರ್ (ಟೇಬಲ್ಲಿಗೆ ಬಿಗಿಯುವ ಹಿಡಿಕೆ) 3 ಡಿಗ್ರಿ ಓರೆ ಇದ್ದರೆ ಇನ್ನೊಂದು 5%. ಈ ಶಾಕ್‌ನ ಒಟ್ಟು ವೇಗ ಬದಲಾವಣೆ 6.9 ಮೀಟರ್/ಸೆಕೆಂಡ್, ಅದರಲ್ಲಿ ಸುಮಾರು 0.87 ಪಕ್ಕಕ್ಕೆ ಹೋಯಿತು. ತುದಿ 14-15 ಮಿಮೀ ತೂಗುತ್ತದೆ, ಬುಡದಲ್ಲಿ ಬಾಗಿಸುವ ಮೊಮೆಂಟ್ 64 ನ್ಯೂಟನ್-ಮೀಟರ್, ಸ್ಟ್ರೆಸ್ 105 ಎಂಪಿಎ ಹತ್ತಿರ. ಟಿ6ಗೆ ಕನಿಷ್ಠ ಯೀಲ್ಡ್ 240 ಇದೆಯಲ್ಲ ಅನ್ನಬೇಡಿ. ವೆಲ್ಡ್ ಕಾವು ತಾಕಿದ ಪಟ್ಟಿಯಲ್ಲಿ ಅದು 105ಕ್ಕೆ ಇಳಿದಿರುತ್ತದೆ. ವೆಲ್ಡ್ ಅಂಚಿನ ಸ್ಟ್ರೆಸ್ ಏರಿಕೆಯನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ಮಾಸ್ಟ್25:
ಹಾಗಾದರೆ 38 ಮಿಮೀ ಟ್ಯೂಬ್, ಅದೇ 1.5 ಗೋಡೆ?

ಲೇತ್‌ಮೇಷ್ಟ್ರು:
ನೀವಂದುಕೊಂಡಷ್ಟು ಲಾಭ ಇಲ್ಲ. ಸೆಕ್ಷನ್ ಮಾಡ್ಯುಲಸ್ (ಅಡ್ಡಕೊಯ್ತದ ಆಕಾರ ಬಾಗಿನ ಸ್ಟ್ರೆಸ್ ತಡೆಯುವ ಅಳತೆ) 2.46 ಪಟ್ಟು ಏರುತ್ತದೆ ನಿಜ, ಆದರೆ ಬಿಗಿ ಹೆಚ್ಚಾದ ಟ್ಯೂಬ್ ಅದೇ ಪಕ್ಕದ ವೇಗವನ್ನು ತಡೆಯಲು 1.93 ಪಟ್ಟು ಬಲ ಎಳೆದುಕೊಳ್ಳುತ್ತದೆ. 105 ಇದ್ದದ್ದು 82ಕ್ಕೆ ಇಳಿದೀತು, ತೂಕ ಮಾತ್ರ 55% ಜಾಸ್ತಿ. ಮೊದಲು ಬ್ಯಾಟರಿಯನ್ನು ನಡುವಿಗೆ ತನ್ನಿ. ಆಮೇಲೆ ವೆಲ್ಡ್ ತೆಗೆಯಿರಿ: 50 ಮಿಮೀ ಆಳದ ಸಾಕೆಟ್, ಸೀಳಿದ ಕಾಲರ್, ಎರಡು ಎಂ6 ಬೋಲ್ಟ್. ಕಾಲರಿನ ಮೇಲಂಚಿಗೆ 1 ಮಿಮೀ ರೇಡಿಯಸ್ ಕೊಡಿ, ಇಲ್ಲದಿದ್ದರೆ ಅದೇ ಟ್ಯೂಬನ್ನು ಕಚ್ಚುತ್ತದೆ. ಟ್ಯೂಬಿಗೆ ಅಡ್ಡ ತೂತು ಕೊರೆದು ಪಿನ್ ಹಾಕುವ ಆಸೆ ಬೇಡವೇ ಬೇಡ.

ಗೇಜ್‌ಪೆಟ್ಟಿಗೆ:
ಮೇಷ್ಟ್ರ ಮಾತು ಗಿಡ್ಡ ಶಾಕ್‌ಗೆ ಮಾತ್ರ. ಇದೇ ಜೋಡಣೆಯನ್ನು ಸೆಂಟ್ರಿಫ್ಯೂಜಿನಲ್ಲಿ (ಗಿರಗಿರ ತಿರುಗಿಸಿ ಜಿ ಹೇರುವ ಯಂತ್ರ) ಬಿಡದೆ 100 ಜಿಯಲ್ಲೇ ಇಟ್ಟರೆ ಕಥೆ ಬೇರೆ. ಭಾರಕೇಂದ್ರ 30 ಮಿಮೀ ಆಚೆಗಿರುವುದರಿಂದ ಬರುವ 59 ನ್ಯೂಟನ್-ಮೀಟರ್ ಮೊಮೆಂಟ್, ಟ್ಯೂಬ್ ಬಾಗುತ್ತಾ ಹೋದ ಹಾಗೆ ಸುಮಾರು 2.5 ಪಟ್ಟಾಗುತ್ತದೆ, ನೇರ ಸ್ಟ್ರೆಸ್ ಸೇರಿ 255 ಎಂಪಿಎ. ವೆಲ್ಡ್ ಇಲ್ಲದಿದ್ದರೂ ಟಿ6ರ ಕನಿಷ್ಠ 240 ದಾಟಿತು. ಯೂಲರ್ ಕೊಟ್ಟ 1.85ರ ಸುರಕ್ಷತೆ (3630 ಭಾಗಿಸು 1962) ಕಡ್ಡಿಯಂತೆ ನೇರ ಇದ್ದು ನಟ್ಟನಡುವೆ ಲೋಡ್ ಬಿದ್ದರೆ ಮಾತ್ರ.

ಮರುಪರೀಕ್ಷೆಗೆ ಕಾಲರಿನ ಮೇಲಂಚಿನಿಂದ 40 ಮಿಮೀ ಮೇಲೆ 90 ಡಿಗ್ರಿಗೊಂದರಂತೆ 4 ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವ ಪಟ್ಟಿ) ಅಂಟಿಸಿ. ನಾಲ್ಕರ ಸರಾಸರಿ ನೇರ ಲೋಡ್. ಎದುರುಬದುರಿನ ವ್ಯತ್ಯಾಸದ ಅರ್ಧ ಬಾಗು. ಉದ್ದದ ಕಂಪನ 400 ಹರ್ಟ್ಸ್ ಸುಮಾರಿಗಿದೆ, 10 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಸಾಕು. ರೆಕಾರ್ಡಿಂಗ್ 11 ಮಿಲಿಸೆಕೆಂಡಿಗೇ ನಿಲ್ಲಿಸಬೇಡಿ, ಬಾಗಿನ ಗರಿಷ್ಠ ಬರುವುದು ಶಾಕ್ ಮುಗಿದ ಮೇಲೆ, 30ರ ಆಸುಪಾಸಿಗೆ. ಕನಿಷ್ಠ 300 ಮಿಲಿಸೆಕೆಂಡ್ ಇಡಿ.