ಕೊಡಗಿನ ಕಥೆಗೆ ಭ್ರಷ್ಟ ಇನ್‌ಸ್ಪೆಕ್ಟರ್: ಬಲ್ಲವರ ಅನುಭವ

ಪ್ರಶ್ನೆ, ಮಡಿಕೇರಿಯಿಂದ: ನಿಯೋ ನುವಾರ್ ಬಗೆಯ, ಅಂದರೆ ಕತ್ತಲೆ, ಭ್ರಷ್ಟತೆ ತುಂಬಿದ ಅಪರಾಧ ಕಾದಂಬರಿ ಬರೆಯುತ್ತಿದ್ದೇನೆ. ಲಂಚಕೋರ ಇನ್‌ಸ್ಪೆಕ್ಟರ್ ಒಬ್ಬ ಕಾಫಿ ತೋಟದ ಕೊಲೆಯನ್ನು ಮುಚ್ಚಿಹಾಕುತ್ತಾನೆ. ಓದಿದವರು ‘ಯಾವುದೋ ಮಹಾನಗರದ ಸಿನಿಮಾದಂತಿದೆ’ ಎನ್ನುತ್ತಾರೆ. ಠಾಣೆ, ನ್ಯಾಯಾಲಯಗಳನ್ನು ಹತ್ತಿರದಿಂದ ಕಂಡವರು ದಾರಿ ತೋರಿಸಿ.

ಉತ್ತರ, ವಿರಾಜಪೇಟೆಯಿಂದ: ನಾನು ಬಹುಕಾಲ ಕ್ರಿಮಿನಲ್ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದವನು. ಬೆನ್ನಟ್ಟುವ ಜೀಪು, ಗುಂಡಿನ ಕಾಳಗಗಳನ್ನು ಸದ್ಯ ಪಕ್ಕಕ್ಕಿಡಿ. ಕೆಟ್ಟ ತನಿಖಾಧಿಕಾರಿಯ ಕೈಚಳಕವೆಲ್ಲ ಮಹಜರಿನಲ್ಲಿ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆದಿಡುವ ದಾಖಲೆಯಲ್ಲಿರುತ್ತದೆ. ಅವನು ಬರೆಯದೆ ಬಿಟ್ಟ ಒಂದು ಸಾಲು ಸಾಕು, ಪ್ರಕರಣ ಬಿದ್ದುಹೋಗುತ್ತದೆ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಹಾಗಾಗಿ ಕೋವಿ ಎಲ್ಲಿಂದ ಬಂತು ಎಂದು ಇಲ್ಲಿ ಯಾರೂ ಬೆರಗಾಗುವುದಿಲ್ಲ. ಹಾರಿದ್ದು ಯಾರ ಕೋವಿ ಎನ್ನುವುದರ ಮೇಲೆ ಕಥೆ ನಿಲ್ಲಲಿ. ಚರೆ (ಸಣ್ಣ ಗುಂಡುಗಳು) ಹಾರಿಸುವ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ರೈಫಲಿನ ಗುಂಡಿನ ಮೇಲೆ ಮೂಡುವಂತಹ ಗೀರುಗಳು ಚರೆಯ ಮೇಲೆ ಮೂಡುವುದಿಲ್ಲ. ಪ್ರಯೋಗಾಲಯಕ್ಕೆ ಗಟ್ಟಿ ಸುಳಿವೆಂದರೆ ಖಾಲಿ ತೋಟೆಯ (ಕಾರ್ಟ್ರಿಜ್) ಹಿಂಬದಿಯಲ್ಲಿ ಪಿನ್ ಒತ್ತಿದ ಗುರುತು. ಕೊಲೆಗಾರ ಮತ್ತೆ ಮದ್ದು ತುಂಬುವ ಆತುರದಲ್ಲಿ ಕೋವಿ ಮಡಿಸಿ ಎಸೆದ ಆ ತೋಟೆಯನ್ನು ನಿಮ್ಮ ಇನ್‌ಸ್ಪೆಕ್ಟರ್ ಕಾಫಿ ಗಿಡದ ಬುಡದಿಂದ ಎತ್ತಿ ಜೇಬಿಗೆ ಹಾಕಿಕೊಳ್ಳಲಿ. ಮಹಜರಿಗೆ ಸಹಿ ಹಾಕುವ ಪಂಚರಿಬ್ಬರೂ (ಸಾಕ್ಷಿಗಳು) ಅದೇ ತೋಟದ ಲೈನ್‌ಮನೆಯ (ಕೂಲಿಯಾಳುಗಳ ಸಾಲುಮನೆ) ವಾಸಿಗಳು. ಕೂಲಿ, ಸೂರು ಎರಡೂ ಮಾಲೀಕನ ಕೈಯಲ್ಲಿರುವಾಗ ಕಂಡದ್ದನ್ನು ಕಂಡೆವು ಎನ್ನಲು ಅವರಿಗೆ ಬಾಯಿ ಬಾರದು. ಆ ಇಬ್ಬರಿಗೆ ಒಂದು ಇಡೀ ಅಧ್ಯಾಯ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಅಂಥವರನ್ನು ಸಾಕ್ಷಿಕಟ್ಟೆಯಲ್ಲಿ ನೋಡಿದ್ದೇನೆ. ಪಾಟೀಸವಾಲಿನ ಹೊತ್ತಿಗೆ ಅವರ ದೃಷ್ಟಿ ನೆಲ ಬಿಟ್ಟು ಏಳುವುದಿಲ್ಲ.

ಕಥೆಯ ವರ್ಷವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಗಳ ವಿಡಿಯೊ ಚಿತ್ರೀಕರಣ ಆಗಲೇಬೇಕು. ಇಂದಿನ ಕಥೆಯಾದರೆ ಮೊಬೈಲ್ ಚಾಲೂ ಆಗುವ ಮೊದಲೇ ತೋಟೆ ಮಾಯವಾಗಿರಬೇಕು. ಇನ್‌ಸ್ಪೆಕ್ಟರನನ್ನು ಲಂಚದ ಬಲೆಗೆ ಕೆಡಹುವವರೂ ವರ್ಷಕ್ಕೆ ತಕ್ಕಂತೆ ಬದಲಾಗುತ್ತಾರೆ: 2016ರಲ್ಲಿ ಬಂದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಮಾಡಿತು, ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ಬಲೆ ಬೀಸುವ ಬಗೆ ಇದು: ಲಂಚದ ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ, ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಉತ್ತರ, ಸೋಮವಾರಪೇಟೆಯ ಬೆಳೆಗಾರರಿಂದ: ಗುಮಾಸ್ತರು ಹೇಳಿದ್ದು ಸರಿ. ನನ್ನದೊಂದು ಮಾತು. ಕತ್ತಲೆ ಬೇಕೆಂದು ಎಲ್ಲ ದೃಶ್ಯಗಳನ್ನೂ ರಾತ್ರಿಗೆ ತಳ್ಳಬೇಡಿ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಇಲ್ಲಿ ಹಾಡಹಗಲೇ ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತೇವೆ. ಕೊಯ್ಲಿನ ಕಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಸಾಲು ಸಾಲಿನಲ್ಲೂ ಆಳುಗಳಿರುತ್ತಾರೆ. ಆಗ ಗುಟ್ಟಾಗಿ ಕೊಲೆ ಮಾಡುವುದು ಕಷ್ಟ. ಕಕ್ಕಡದಲ್ಲಿ ತೋಟ ಖಾಲಿ. ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಫೋನ್ ಸಿಗುವುದಿಲ್ಲ, ಜಿಗಣೆಗೆ ಹೆದರಿ ಯಾರೂ ಒಳಗೆ ಕಾಲಿಡುವುದಿಲ್ಲ. ಹೆಣ ಸಿಗುವುದೂ ತಡವಾಗುತ್ತದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಮತ್ತು ಮಾಲೀಕ ವ್ಯವಹಾರ ಕುದುರಿಸಿರಬಹುದು.