ಡಗ್ ಫ್ಲೂಟಿಯ 1984ರ ಆ ಎಸೆತ: ಬರೀ ಅದೃಷ್ಟವಾ?

ಮೂರನೇ_ಡೌನ್ (ಪ್ರಶ್ನೆ)

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡೋಕೆ ಶುರು ಮಾಡಿದ ಮೇಲೆ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಹೆಸರು ಕೇಳದೇ ಇರೋಕೆ ಆಗಲ್ಲ. ಅಲ್ಯೂಮ್ನೈ ಸ್ಟೇಡಿಯಂ ಹೊರಗೆ ಕಂಚಿನ ಪ್ರತಿಮೆ ಇದೆ, 22ನೇ ನಂಬರ್ ಜೆರ್ಸಿ ಬೇರೆ ಯಾರಿಗೂ ಕೊಡಲ್ಲ. 1984ರಲ್ಲಿ ಮಯಾಮಿ ವಿರುದ್ಧ ಕೊನೇ ಕ್ಷಣದಲ್ಲಿ ಪಂದ್ಯ ಗೆಲ್ಲಿಸಿದ ಅವನ ಎಸೆತದಿಂದಲೇ ಈ ಹೆಸರು. ಅದರ ವಿಡಿಯೊ ನೋಡಿದ್ರೆ ಮಾತ್ರ ಒಬ್ಬ ಗಿಡ್ಡ ಹುಡುಗ ಉದ್ದಕ್ಕೆ ಎಸೀತಾನೆ, ಇನ್ನೊಬ್ಬ ಹಿಡೀತಾನೆ, ಮುಗೀತು. ಇದರಲ್ಲಿ ಲೆಕ್ಕಾಚಾರ ಎಷ್ಟು, ಅದೃಷ್ಟ ಎಷ್ಟು? ಅದೊಂದು ಎಸೆತಕ್ಕೇ ಹೈಸ್ಮನ್ ಟ್ರೋಫಿ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನನ್ನ ಮತ ಹಾಕಿ ಆರಿಸಿ ಕೊಡೋದು) ಕೊಟ್ಟುಬಿಟ್ರಾ? ಅಷ್ಟು ಗಿಡ್ಡ ಇದ್ದೋನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಆಗಿ ಹೇಗೆ ನಿಭಾಯಿಸಿದ? ಆಟ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಿಂದಿನ_ಸಾಲು

ಮೊದಲು ಲೆಕ್ಕ ನೋಡೋಣ. 1984ರ ನವೆಂಬರ್ 23, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ ಶುಕ್ರವಾರ, ಮಯಾಮಿಯ ಆರೆಂಜ್ ಬೌಲ್ ಸ್ಟೇಡಿಯಂ. ಎದುರಾಳಿ ಮಯಾಮಿ, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್. 28 ಸೆಕೆಂಡ್ ಉಳಿದಿದ್ದಾಗ ಮೆಲ್ವಿನ್ ಬ್ರ್ಯಾಟನ್ ಒಂದು ಯಾರ್ಡ್ ನುಗ್ಗಿ ಟಚ್‌ಡೌನ್ (ಚೆಂಡನ್ನ ಗೋಲ್ ಗೆರೆ ದಾಟಿಸೋದು, 6 ಅಂಕ) ಮಾಡಿ ಮಯಾಮಿಗೆ 45-41 ಮುನ್ನಡೆ ಕೊಟ್ಟ.

ಎಲ್ಲರೂ ಕೊನೇ ಎಸೆತ ಮಾತ್ರ ನೋಡ್ತಾರೆ. ಅದಕ್ಕೆ ಮುಂಚಿನ ಎರಡು ಪಾಸ್ ಇಲ್ಲದಿದ್ರೆ ಆ ಎಸೆತಕ್ಕೆ ಜಾಗವೇ ಇರ್ತಿರಲಿಲ್ಲ. ಬಾಸ್ಟನ್ ಕಾಲೇಜಿನವರು ತಮ್ಮ 20 ಯಾರ್ಡ್ ಗೆರೆಯಿಂದ (ತಮ್ಮ ಗೋಲ್ ಗೆರೆಯಿಂದ 20 ಯಾರ್ಡ್ ಮುಂದೆ) ಶುರು ಮಾಡಿದ್ರು. ಟ್ರಾಯ್ ಸ್ಟ್ರಾಡ್‌ಫರ್ಡ್‌ಗೆ 19 ಯಾರ್ಡ್, ಸ್ಕಾಟ್ ಗೀಸಲ್‌ಮನ್‌ಗೆ 13. ಈಗ ಚೆಂಡು ಮಯಾಮಿಯ 48ರಲ್ಲಿ, ಅಂದ್ರೆ ಅವರ ಗೋಲ್ ಗೆರೆಗೆ 48 ಯಾರ್ಡ್ ಬಾಕಿ. ಆಗಿನ ಕಾಲೇಜು ನಿಯಮದಲ್ಲಿ ಫಸ್ಟ್ ಡೌನ್ (10 ಯಾರ್ಡ್ ಮುಂದೆ ಹೋಗಿ ಹೊಸದಾಗಿ ನಾಲ್ಕು ಯತ್ನ ಪಡೆಯೋದು) ಸಿಕ್ಕಾಗಲೆಲ್ಲ ಚೆಂಡು ಮತ್ತೆ ಇಡೋವರೆಗೆ ಗಡಿಯಾರ ನಿಲ್ತಿತ್ತು (2023ರಿಂದ ಪ್ರತಿ ಅರ್ಧದ ಕೊನೇ ಎರಡು ನಿಮಿಷ ಮಾತ್ರ), ಅದೇ ಅವರನ್ನ ಉಳಿಸಿದ್ದು. ಆಮೇಲೆ ಒಂದು ಪಾಸ್ ನೆಲಕ್ಕೆ ಬಿತ್ತು. ಉಳಿದದ್ದು 6 ಸೆಕೆಂಡ್.

ಆಗ ಆಡಿದ ಪ್ಲೇ (ಮೊದಲೇ ಅಭ್ಯಾಸ ಮಾಡಿಟ್ಟ ತಂತ್ರ) ಹೆಸರು '55 ಫ್ಲಡ್ ಟಿಪ್'. ಫ್ಲಡ್ ಅಂದ್ರೆ ರಿಸೀವರ್‌ಗಳೆಲ್ಲ (ಎಸೆತ ಹಿಡಿಯೋರು) ಒಂದೇ ಕಡೆ ನುಗ್ಗೋದು. ಟಿಪ್ ಅಂದ್ರೆ ಹಿಡಿಯೋಕೆ ಆಗದಿದ್ರೆ ಚೆಂಡನ್ನ ಬೆರಳ ತುದಿಯಲ್ಲಿ ತಟ್ಟಿ ಜೊತೆಗಾರನ ಕಡೆ ಹಾರಿಸೋದು. ಅಂದ್ರೆ ಒಬ್ಬ ಹಾರ್ತಾನೆ, ಒಬ್ಬ ಅವನ ಮುಂದೆ, ಒಬ್ಬ ಹಿಂದೆ ಕಾಯ್ತಾನೆ. ಪ್ರಾರ್ಥನೆ ಮಾಡಿ ಎಸೆದದ್ದು ಅನ್ನೋರಿಗೆ ಇದೇ ಉತ್ತರ: ಇದು ಹೆಸರು, ಜಾಗ, ಕೆಲಸ ಎಲ್ಲ ಮೊದಲೇ ಹಂಚಿಟ್ಟಿದ್ದ ಪ್ಲೇ.

ಇದರಲ್ಲಿ ನಾಜೂಕಾದದ್ದು ಸಮಯ. ರಿಸೀವರ್ 48 ಯಾರ್ಡ್ ಓಡೋಕೆ ಐದೂವರೆ ಸೆಕೆಂಡ್ ಆಸುಪಾಸು ಬೇಕು. ಅಷ್ಟು ದೂರದ ಎಸೆತ ಗಾಳಿಯಲ್ಲಿ ಇರೋದು ಸುಮಾರು 3 ಸೆಕೆಂಡ್. ಸ್ನ್ಯಾಪ್ (ಚೆಂಡನ್ನ ಕ್ವಾರ್ಟರ್‌ಬ್ಯಾಕ್‌ಗೆ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಆದ ತಕ್ಷಣ ಎಸೆದ್ರೆ ಚೆಂಡು ಹೋಗಿ ಬಿದ್ದಾಗ ಅಲ್ಲಿ ಬರೀ ಎದುರಾಳಿಗಳೇ ಇರ್ತಾರೆ. ಎರಡೂವರೆ-ಮೂರು ಸೆಕೆಂಡ್ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬೀಳದೆ ಕಾಯಬೇಕು. ಫ್ಲೂಟಿ ಹಿಂದಕ್ಕೆ ಸರಿದು, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಬಲಕ್ಕೆ ಓಡಿ, ತನ್ನದೇ 37ರ ಹತ್ತಿರದಿಂದ ಎಸೆದ. ಸಮಯ ಸಿಕ್ತು, ಆದರೆ ದೂರ ಹೆಚ್ಚಾಯ್ತು: ಗೋಲ್ ಗೆರೆಗೆ 63 ಯಾರ್ಡ್, ಅದೂ ಎದುರುಗಾಳಿಯಲ್ಲಿ.

ಮಯಾಮಿ ತಪ್ಪಿದ್ದು ಇಲ್ಲೇ. ಇವನ ಕೈಯಿಂದ ಅಷ್ಟು ದೂರ ಬರಲ್ಲ ಅಂತ ಲೆಕ್ಕ ಹಾಕಿ ರಕ್ಷಣೆಯವರು ಗೋಲ್ ಗೆರೆಗಿಂತ ಮುಂದೆಯೇ ನಿಂತ್ರು. ಬೌಂಡರಿ ಫೀಲ್ಡರ್ ಕ್ಯಾಚಿಗೆ ಅಂತ ನಾಲ್ಕು ಹೆಜ್ಜೆ ಮುಂದೆ ಬಂದು, ಚೆಂಡು ತಲೆ ಮೇಲೆ ಹೋಗೋದನ್ನ ನೋಡ್ತಾ ನಿಂತ ಹಾಗೆ. ಜೆರಾರ್ಡ್ ಫೆಲನ್ (ಫ್ಲೂಟಿಯ ರೂಮ್‌ಮೇಟ್ ಕೂಡ) ಅವರನ್ನ ದಾಟಿ ಹಿಂದೆ ಹೋಗಿದ್ದ. ಹಾರಿದವರ ಕೈ ಮೇಲಿಂದ ಇಳಿದ ಚೆಂಡು ಅವನ ಹೊಟ್ಟೆಗೆ ಬಂದು ಕೂತಿತು, ಅಪ್ಪಿಕೊಂಡು ಎಂಡ್ ಝೋನ್ (ಗೋಲ್ ಗೆರೆಯ ಆಚೆ ಜಾಗ) ಒಳಗೆ ಬಿದ್ದ. ಟಿಪ್ ಬೇಕಾಗಲೇ ಇಲ್ಲ. 41ಕ್ಕೆ 6 ಸೇರಿ 47-45. ಗಡಿಯಾರ ಸೊನ್ನೆ, ಹಾಗಾಗಿ ಎಕ್ಸ್‌ಟ್ರಾ ಪಾಯಿಂಟ್ (ಟಚ್‌ಡೌನ್ ನಂತರ ಒದ್ದು ಗಳಿಸೋ ಒಂದು ಅಂಕ) ಒದೆಯೋ ಗೋಜಿಗೇ ಹೋಗಲಿಲ್ಲ.

ಈಗಿನ ಕೋಚ್‌ಗಳು ಹೇಲ್ ಮೇರಿ (ಇಂಥ ಕೊನೇ ಕ್ಷಣದ ಉದ್ದ ಎಸೆತ) ತಡೆಯೋಕೆ ಮೊದಲು ಹೇಳಿಕೊಡೋದು ಎರಡೇ: ಯಾರೂ ನಿನ್ನ ಬೆನ್ನ ಹಿಂದೆ ಹೋಗಬಾರದು, ಚೆಂಡು ಹಿಡಿಯೋಕೆ ಹೋಗದೆ ನೆಲಕ್ಕೆ ಬಡಿ. ಮಯಾಮಿ ಮೊದಲನೆಯದನ್ನೇ ಮರೀತು.

ನಟ್ಟನಡುವೆ

ಹೈಸ್ಮನ್ ವಿಷಯ. ಆ ಎಸೆತದಿಂದ ಸಿಕ್ತು ಅನ್ನೋದು ಕಟ್ಟುಕತೆ. ಬಹುಪಾಲು ಮತಗಳು ಆಟಕ್ಕೆ ಮುಂಚೆಯೇ ಹೋಗಿದ್ವು. ಅವತ್ತು ಫ್ಲೂಟಿ 46 ಪಾಸ್‌ನಲ್ಲಿ 34 ಮುಟ್ಟಿಸಿ 472 ಯಾರ್ಡ್ ಗಳಿಸಿದ್ದ. ಎದುರು ತಂಡದ ಬರ್ನೀ ಕೋಸಾರ್ 447. ಅಂದ್ರೆ ಕೊನೇ 6 ಸೆಕೆಂಡ್ ತೆಗೆದಿಟ್ಟರೂ ಅದು ದೊಡ್ಡ ಆಟವೇ. ನಾಲ್ಕು ವರ್ಷದ ಒಟ್ಟು 10,579 ಯಾರ್ಡ್, ಕಾಲೇಜು ಫುಟ್‌ಬಾಲ್‌ನ ಮೇಲಿನ ವಿಭಾಗದಲ್ಲಿ ಹತ್ತು ಸಾವಿರ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್. ಹೈಸ್ಮನ್ ಮತದಲ್ಲಿ ಎರಡನೇ ಸ್ಥಾನ ಓಹಾಯೊ ಸ್ಟೇಟ್‌ನ ಕೀತ್ ಬಯರ್ಸ್‌ಗೆ. ಆಮೇಲೆ ಋತುವಿನ ಕೊನೇ ಪಂದ್ಯ ಕಾಟನ್ ಬೌಲ್‌ನಲ್ಲಿ ಹ್ಯೂಸ್ಟನ್ ಮೇಲೆ 45-28 ಗೆಲುವು, ಋತು 10 ಗೆಲುವು, 2 ಸೋಲಿಗೆ ಮುಗೀತು.

ಸ್ಪೈರಲ್_ಸ್ವಾಮಿ

ಎತ್ತರದ ಬಗ್ಗೆ. ಫ್ಲೂಟಿ ಐದಡಿ ಹತ್ತು ಇಂಚು, ಅದೂ ಸ್ವಲ್ಪ ಉದಾರವಾಗಿ ಅಳೆದ್ರೆ. ಎದುರಿಗಿರೋ ಲೈನ್‌ಮನ್ (ಮುಂಚೂಣಿ ಸಾಲಿನ ಆಟಗಾರ) ಆರಡಿ ನಾಲ್ಕು ಇಂಚು, ಕೈ ಎತ್ತಿದ್ರೆ ಏಳಡಿ ಮೇಲೆ ಗೋಡೆ. ಪಾಕೆಟ್‌ನಲ್ಲಿ (ತನ್ನ ಲೈನ್‌ಮನ್‌ಗಳು ಕಾಯೋ ಜಾಗದಲ್ಲಿ) ನಿಂತ ಗಿಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಎರಡು ತೊಂದರೆ: ನಡು ಮೈದಾನದ ಚಿಕ್ಕ ಪಾಸ್‌ಗಳು ಲೈನ್‌ಮನ್ ಕೈಗೆ ಬಡಿದು ಬೀಳ್ತವೆ, ಮತ್ತು ಅಡ್ಡ ನಿಂತ ಲೈನ್‌ಬ್ಯಾಕರ್ (ಲೈನ್‌ಮನ್‌ಗಳ ಹಿಂದಿನ ರಕ್ಷಕ) ಕಣ್ಣಿಗೇ ಬೀಳಲ್ಲ. ಎರಡನೆಯದು ಹೆಚ್ಚು ಅಪಾಯ, ಇಂಟರ್‌ಸೆಪ್ಷನ್ (ಎಸೆತ ಎದುರಾಳಿ ಕೈಸೇರೋದು) ಆಗೋದು ಅದರಿಂದಲೇ.

ದಾರಿ ಇರೋದು ಎಸೆಯೋ ಜಾಗ ಬದಲಿಸೋದ್ರಲ್ಲಿ. ಸ್ನ್ಯಾಪ್ ಆದಮೇಲೆ ಪಕ್ಕಕ್ಕೆ ಓಡಿದ್ರೆ ಗೋಡೆ ಹಿಂದೆ ಉಳಿಯುತ್ತೆ, ಮುಂದಿನ ಅರ್ಧ ಮೈದಾನ ಬಯಲಾಗುತ್ತೆ. ನಷ್ಟ ಅಂದ್ರೆ ಉಳಿದರ್ಧ ಮೈದಾನ ಕೈಬಿಟ್ಟ ಹಾಗೆ. ಓಡ್ತಾ ಎಸೆಯೋವಾಗ ಸೊಂಟ, ಭುಜ ಗುರಿ ಕಡೆ ತಿರುಗದಿದ್ರೆ ಚೆಂಡು ತೇಲಿ ಹಿಂದೆ ಬೀಳುತ್ತೆ. ಹಿಂದಿನ_ಸಾಲು ಹೇಳಿದ ಎಸೆತವನ್ನ ನಿಧಾನಗತಿಯಲ್ಲಿ ನೋಡಿ: ಓಟ ನಿಲ್ಲಿಸಿ, ಕಾಲೂರಿ, ಇಡೀ ಮೈ ಮುಂದಕ್ಕೆ ತಳ್ಳಿಯೇ ಎಸೆದಿದ್ದಾನೆ. 63 ಯಾರ್ಡ್ ಬರೀ ತೋಳಿನಿಂದ ಬರಲ್ಲ.

ಕೆನಡಾ ಲೀಗ್ ಅವನಿಗೆ ಹೇಳಿ ಮಾಡಿಸಿದಂತೆ ಒಗ್ಗಿದ್ದು ಇದಕ್ಕೇ. ಅಲ್ಲಿ ಮೈದಾನ 65 ಯಾರ್ಡ್ ಅಗಲ, ಅಮೆರಿಕದಲ್ಲಿ 53 ಚಿಲ್ಲರೆ. ಪಕ್ಕಕ್ಕೆ ಓಡೋನಿಗೆ ಆ ಹನ್ನೆರಡು ಯಾರ್ಡ್ ಬಂಗಾರ. ಮೂರೇ ಡೌನ್ (ಯತ್ನ) ಇರೋದ್ರಿಂದ ಪಾಸ್ ಜಾಸ್ತಿ, ರಿಸೀವರ್‌ಗಳು ಸ್ನ್ಯಾಪ್‌ಗೆ ಮುಂಚೆಯೇ ಮುಂದಕ್ಕೆ ಓಡ್ತಾ ಬರಬಹುದು. 1991ರಲ್ಲಿ ಬಿ.ಸಿ. ಲಯನ್ಸ್ ಪರ 6,619 ಯಾರ್ಡ್, ಆರು ಸಲ ಲೀಗಿನ ಅತ್ಯುತ್ತಮ ಆಟಗಾರ, ಮೂರು ಸಲ ಗ್ರೇ ಕಪ್, ಅಂದ್ರೆ ಆ ಲೀಗಿನ ಚಾಂಪಿಯನ್ ಪಟ್ಟ (1992, 1996, 1997). ಎನ್‌ಎಫ್‌ಎಲ್‌ನವರು (ಅಮೆರಿಕದ ವೃತ್ತಿಪರ ಲೀಗ್) ಅಳತೆಪಟ್ಟಿ ಹಿಡಿದು ಆಟಗಾರನನ್ನ ಆರಿಸಿದ್ದಕ್ಕೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ? 1985ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನ ಆರಿಸೋದು) ಅವನ ಹೆಸರು ಬಂದದ್ದು ಹನ್ನೊಂದನೇ ಸುತ್ತಿನಲ್ಲಿ.

ಮೂರನೇ_ಡೌನ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೆರಡು. 'ಫ್ಲೂಟಿ ಎಫೆಕ್ಟ್' ಅಂತಾರಲ್ಲ, ಒಂದು ಗೆಲುವಿಂದ ಕಾಲೇಜಿಗೆ ಅರ್ಜಿ ಹರಿದು ಬಂತು ಅಂತ, ಅದು ನಿಜವಾ? ಮತ್ತೆ ವೃತ್ತಿಯ ಕೊನೆಗೆ ಏನೋ ವಿಚಿತ್ರವಾಗಿ ಚೆಂಡು ಒದ್ದನಂತೆ?

ನಟ್ಟನಡುವೆ

ಅರ್ಜಿ 1984ರಲ್ಲಿ ಶೇ 16, 1985ರಲ್ಲಿ ಶೇ 12 ಏರಿದ್ದು ಹೌದು. ಆದರೆ 1984ರ ಅರ್ಜಿಗಳು ನವೆಂಬರ್‌ನ ಎಸೆತಕ್ಕೆ ಮುಂಚೆ ಬಂದವು, ಹೆಚ್ಚು ಏರಿದ ವರ್ಷವೇ ಅದು! ಕಾಲೇಜು ಅದಕ್ಕೂ ಮೊದಲಿನಿಂದ ಹಾಸ್ಟೆಲ್ ಕಟ್ಟಿಸಿ, ದೂರದ ರಾಜ್ಯಗಳಿಗೆ ಹೋಗಿ ವಿದ್ಯಾರ್ಥಿಗಳನ್ನ ಕರೆಯೋ ಕೆಲಸ ಮಾಡ್ತಿತ್ತು. ಫ್ಲೂಟಿ ಗಾಳಿಗೆ ಬಲ ಕೊಟ್ಟ, ಗಾಳಿ ಎಬ್ಬಿಸಿದ್ದು ಅವನಲ್ಲ.

ಹಿಂದಿನ_ಸಾಲು

ಒದ್ದದ್ದು ಡ್ರಾಪ್ ಕಿಕ್, ಅಂದ್ರೆ ಚೆಂಡನ್ನ ಕೈಬಿಟ್ಟು, ನೆಲಕ್ಕೆ ಬಿದ್ದು ಪುಟಿದ ಕ್ಷಣ ಒದೆಯೋದು. 2006ರ ಜನವರಿ 1, ಪೇಟ್ರಿಯಟ್ಸ್ ಪರ, ಡಾಲ್ಫಿನ್ಸ್ ವಿರುದ್ಧ, ಎಕ್ಸ್‌ಟ್ರಾ ಪಾಯಿಂಟ್‌ಗೆ. ಎನ್‌ಎಫ್‌ಎಲ್‌ನಲ್ಲಿ ಅದಕ್ಕೆ ಹಿಂದೆ ಯಶಸ್ವಿಯಾದದ್ದು 1941ರಲ್ಲಿ. ನಿಯಮ ಯಾವತ್ತೂ ರದ್ದಾಗಿರಲಿಲ್ಲ. 1930ರ ದಶಕದಲ್ಲಿ ಪಾಸ್‌ಗೆ ಅನುಕೂಲ ಆಗಲಿ ಅಂತ ಚೆಂಡನ್ನ ಸಪೂರ ಮಾಡಿದ ಮೇಲೆ ಅದರ ಪುಟಿತ ನಂಬೋ ಹಾಗಿರಲಿಲ್ಲ, ಅಷ್ಟೇ.

ಮಾಡಿ ನೋಡೋರಿಗೆ: ಚೆಂಡನ್ನ ಎರಡೂ ಕೈಯಲ್ಲಿ ಪಕ್ಕಗಳಿಂದ ಹಿಡಿದು, ಒಂದು ತುದಿ ನೆಲಕ್ಕೆ, ಮೇಲಿನ ತುದಿ ಸ್ವಲ್ಪ ನಿಮ್ಮ ಕಡೆ ವಾಲಿರಲಿ. ಬಗ್ಗಿ, ಆದಷ್ಟು ತಗ್ಗಿನಿಂದ, ಎರಡೂ ಕೈ ಒಟ್ಟಿಗೆ ಬಿಡಿ. ಒಂದು ಕೈ ತಡವಾಗಿ ಬಿಟ್ರೂ ಚೆಂಡು ತಿರುಗಿ ಪಕ್ಕಕ್ಕೆ ಪುಟಿಯುತ್ತೆ. ತುದಿ ನೆಲ ಮುಟ್ಟಿ ಏಳೋ ಕ್ಷಣಕ್ಕೆ ಪಾದ ತಾಗಬೇಕು. ನೆಲ ಮುಟ್ಟೋಕೆ ಮುಂಚೆ ತಾಗಿದ್ರೆ ಅದು ಪಂಟ್, ಅಂಕ ಇಲ್ಲ. ತಡವಾದ್ರೆ ಚೆಂಡು ಮೊಣಕಾಲಿಗೆ ಬರುತ್ತೆ. ತಲೆ ಎತ್ತಿ ಗೋಲ್‌ಪೋಸ್ಟ್ ನೋಡೋ ಚಪಲ ಬೇಡ, ಕಣ್ಣು ಚೆಂಡು ಬೀಳೋ ಜಾಗದಲ್ಲೇ ಇರಲಿ. ಒದ್ದೆ ಹುಲ್ಲಿನಲ್ಲಿ ಪ್ರಯತ್ನಿಸಲೇಬೇಡಿ, ತುದಿ ಜಾರುತ್ತೆ.

ಪೇಟ್ರಿಯಟ್ಸ್ ಆ ಪಂದ್ಯ 28-26ರಲ್ಲಿ ಸೋತರು. ಫ್ಲೂಟಿಗೆ ಆಗ 43 ವರ್ಷ, ಅವನ ವೃತ್ತಿಯ ಕೊನೇ ಆಟ ಅದೇ.