‘ಸೈಕೆಡೆಲಿಕ್’ ಪದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಅರವತ್ತರ ದಶಕದ ಅಮೆರಿಕದ ಹಿಪ್ಪಿ ಚಲನಚಿತ್ರಗಳ ಮೇಲೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ಸೈಕೆಡೆಲಿಕ್’ ಎಂಬ ಪದ ನನ್ನನ್ನು ಹಿಡಿದು ನಿಲ್ಲಿಸಿದೆ. ಎಲ್‌ಎಸ್‌ಡಿಯಂತಹ, ಮನಸ್ಸಿನ ಅರಿವನ್ನೇ ಬದಲಿಸುವ ಔಷಧಗಳಿಗೂ ಅವು ತರುವ ಅನುಭವಕ್ಕೂ ಸಲ್ಲುವ ಮಾತು ಇದು. ‘ಭ್ರಮಾಜನಕ’ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಕಾರಣ ಆ ಪದದ ಹುಟ್ಟಿನಲ್ಲೇ ಇದೆ.

ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಲೇಖಕ ಅಲ್ಡಸ್ ಹಕ್ಸ್‌ಲಿಯವರೊಂದಿಗಿನ ಪತ್ರವ್ಯವಹಾರದಲ್ಲಿ ಇದನ್ನು ಟಂಕಿಸಿದರು. ಗ್ರೀಕಿನ ‘ಮನಸ್ಸು’ ಮತ್ತು ‘ಕಾಣುವಂತೆ ಮಾಡು’ ಎಂಬ ಎರಡು ಮಾತುಗಳ ಕೂಡಿಕೆ ಇದು. ಹಕ್ಸ್‌ಲಿ ‘ಫ್ಯಾನೆರೋಥೈಮ್’ ಎಂಬ ಬೇರೊಂದು ಪದ ಸೂಚಿಸಿದ್ದರು, ಅದು ಉಳಿಯಲಿಲ್ಲ. ಅಂತಹ ಔಷಧಗಳಿಗೆ ಆಗ ‘ಹುಚ್ಚನ್ನು ಅನುಕರಿಸುವಂಥವು’ ಎಂಬರ್ಥದ ಹೆಸರು ವೈದ್ಯರಲ್ಲಿ ಬಳಕೆಯಲ್ಲಿತ್ತು. ರೋಗದ ವಾಸನೆಯಿಲ್ಲದ ಪದ ಬೇಕೆಂದೇ ಆಸ್ಮಂಡ್ ಹೊಸದನ್ನು ಕಟ್ಟಿದರು. ನಾವು ‘ಭ್ರಮೆ’ಯನ್ನು ತಂದು ಅಂಟಿಸಿದರೆ ಅವರು ತೊಳೆದು ತೆಗೆದ ಕಲೆಯನ್ನೇ ಮತ್ತೆ ಹಚ್ಚಿದಂತಾಗುತ್ತದೆ.

ಚಿತ್ರಗಳ ಮಟ್ಟಿಗೂ ಈ ಜಗಳ ನಿಜವಾಗಿ ನಡೆದಿದೆ. ರೋಜರ್ ಕಾರ್ಮನ್ ನಿರ್ದೇಶಿಸಿ ಜ್ಯಾಕ್ ನಿಕಲ್ಸನ್ ಬರೆದ ‘ದಿ ಟ್ರಿಪ್’ ಬಂದದ್ದು 1967ರಲ್ಲಿ. ಅದಕ್ಕೆ ಮುನ್ನ ಕಾರ್ಮನ್ ತಾವೇ ಎಲ್‌ಎಸ್‌ಡಿ ತೆಗೆದುಕೊಂಡು ನೋಡಿದ್ದರು. ಪೀಟರ್ ಫೋಂಡಾ ಮಾಡಿದ ಜಾಹೀರಾತು ನಿರ್ದೇಶಕನ ಪಾತ್ರ ಒಂದು ಗುಳಿಗೆ ನುಂಗಿ ತನ್ನೊಳಗೇ ಇಳಿದು ಹೋಗುತ್ತದೆ. ಮೈಮೇಲೆ ಬಣ್ಣದ ಬೆಳಕಿನ ಚಿತ್ತಾರಗಳು ಹರಿದಾಡುತ್ತವೆ, ಬಿಂಬಗಳು ಒಡೆದು ನೂರಾಗುತ್ತವೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕಾರ್ಮನ್ ತೀರ್ಪು ಕೊಡುವುದಿಲ್ಲ. ತೀರ್ಪು ಕೊಟ್ಟದ್ದು ನಿರ್ಮಾಣ ಸಂಸ್ಥೆ: ಆರಂಭದಲ್ಲಿ ಎಚ್ಚರಿಕೆಯ ಮಾತು ಸೇರಿಸಿ, ಕೊನೆಯ ಚೌಕಟ್ಟಿನಲ್ಲಿ ನಾಯಕನ ಮುಖದ ಮೇಲೆ ಗಾಜು ಬಿರಿದಂತೆ ಗೆರೆಗಳನ್ನು ಮೂಡಿಸಿತು. ‘ಭ್ರಮಾಜನಕ’ ಎಂದು ಬರೆದರೆ ನಾನೂ ಆ ಬಿರುಕಿನ ಪಕ್ಷ ಸೇರಿದಂತೆ.

ಹಾಗಾದರೆ ಅಚ್ಚಗನ್ನಡಕ್ಕೆ ಹೋಗೋಣವೆಂದು ‘ಮನ’ಕ್ಕೆ ‘ಕಾಣಿಸು’ ಸೇರಿಸಿ ನೋಡಿದೆ. ಸಿಕ್ಕಿದ್ದು ‘ಮನಗಾಣಿಸು’! ಗ್ರೀಕ್ ಪದದ ಎರಡು ಬೇರುಗಳೂ ನಮ್ಮಲ್ಲಿ ಆಗಲೇ ಬೆಸೆದುಕೊಂಡಿವೆ ಎಂದು ಬಹಳ ಸಂತೋಷವಾಯಿತು. ಆದರೆ ‘ತಿಳಿಯಪಡಿಸು, ಒಪ್ಪಿಸು’ ಎಂಬ ಅರ್ಥ ಅದರಲ್ಲಿ ಗಟ್ಟಿಯಾಗಿ ಬೇರೂರಿದೆ. ‘ಮನಗಾಣಿಸುವ ಚಿತ್ರ’ ಎಂದರೆ ಕುಟುಂಬ ಯೋಜನೆಯ ಸಾಕ್ಷ್ಯಚಿತ್ರ ನೆನಪಾದೀತು. ‘ಅಮಲು’, ‘ನಶೆ’ ಹೆಂಡಕ್ಕೂ ಸಲ್ಲುತ್ತವೆ, ಅವುಗಳಲ್ಲಿ ನೋಟವಿಲ್ಲ. ‘ಸೊಕ್ಕು’ ಹಳೆಯ ಸೊಗಸಾದ ಮಾತು, ಈಗ ಅಹಂಕಾರವೇ ಮುಂದೆ ನಿಲ್ಲುತ್ತದೆ. ‘ಗುಂಗು’ ನನಗೆ ತೀರಾ ಪ್ರಿಯವಾದ ಪದ. ಹಾಡಿನ ಗುಂಗು, ಊರಿನ ಗುಂಗು ಎನ್ನುತ್ತೇವೆ. ಬಿಡದೆ ಸುತ್ತಿಕೊಳ್ಳುವ ಗುಣ ಅದರಲ್ಲಿದೆ, ಆದರೆ ಕಣ್ಣಿಗಿಂತ ಕಿವಿಗೆ ಹತ್ತಿರ.

ಸದ್ಯಕ್ಕೆ ನನ್ನ ಕೈಯಲ್ಲಿರುವುದು ‘ಒಳಗಾಣ್ಕೆ’. ‘ಒಳನೋಟ’ ವಿಮರ್ಶಕರ ಪಾಲಾಗಿರುವುದರಿಂದ ಇದನ್ನು ಕಟ್ಟಿಕೊಂಡೆ. ‘ಒಳಗಾಣ್ಕೆಯ ಚಿತ್ರಗಳು’ ಎಂದರೆ ಓದುವವರಿಗೆ ಏನು ಹೊಳೆಯುತ್ತದೆ? ‘ಒಳಗಾಗು’ ಎಂಬುದರ ನೆರಳು ಬೀಳುತ್ತದೆಯೇ? ಬಣ್ಣ, ಭಿತ್ತಿಚಿತ್ರ, ಸಂಗೀತದ ಶೈಲಿಯನ್ನು ಹೇಳುವಾಗ ‘ಸೈಕೆಡೆಲಿಕ್’ ಎಂದೇ ಉಳಿಸಿ, ಅನುಭವವನ್ನು ಹೇಳುವಾಗ ಮಾತ್ರ ಕನ್ನಡದ ಪದ ಬಳಸುವುದು ಸರಿಯೇ?

ಜೊತೆಗೆ ಇನ್ನೊಂದು: ಆ ಚಿತ್ರದ ಹೆಸರಿನ ‘ಟ್ರಿಪ್’, ಅಂದರೆ ಅಂತಹ ಔಷಧ ತೆಗೆದುಕೊಂಡವರ ಒಳಗಿನ ಅನುಭವ. ನಮ್ಮಲ್ಲಿ ಟ್ರಿಪ್ ಎಂದರೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಜೋಗಕ್ಕೆ ಹೋಗಿ ಬರುವುದು. ‘ಯಾತ್ರೆ’ಗೆ ದೇವರಿದ್ದಾನೆ, ‘ಪ್ರವಾಸ’ಕ್ಕೆ ಚೀಲವಿದೆ. ‘ಯಾನ’ ಎಂದು ಬರೆದಿಟ್ಟಿದ್ದೇನೆ. ಆದರೆ ಹೆದರಿ ನಡುಗಿ ಹಿಂದಿರುಗುವ ಕೆಟ್ಟ ಟ್ರಿಪ್ಪಿಗೆ ‘ದುರ್ಯಾನ’ ಎನ್ನಲು ನಾಲಗೆ ಏಳುತ್ತಿಲ್ಲ. ಬಲ್ಲವರು ತಿಳಿಸಬೇಕು.